ಗೇಟಿನಿಂದ ಹೊಸ್ತಿಲವರೆಗೆ

ಬಯಲಲ್ಲಿ ಮೈಚಾಚಿದ ಹಾಸುಬಂಡೆ. ಅದರ ಒಂದು ಅಂಚಿನಲ್ಲಿ ಏಳು ಅಡಿ ಉದ್ದಕ್ಕೆ ಒಣಸೌದೆ ಸಾಲಾಗಿ ಉರಿಯುತ್ತಿದೆ. ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಾರೆ. ಗಟ್ಟಿ ಸದ್ದು ಬಂದರೆ ಇನ್ನೂ ಕಾಯಬೇಕು. ಸದ್ದು ಬದಲಾಯಿತೆಂದರೆ ಮೇಲಿನ ಪದರ ತಳದಿಂದ ಬಿಟ್ಟುಕೊಂಡಿದೆ. ಆಗ ಉರಿಯುವ ಸೌದೆಯನ್ನು ಕೆಲವೇ ಇಂಚು ಮುಂದಕ್ಕೆ ತಳ್ಳುತ್ತಾರೆ. ಮತ್ತೆ ಬಡಿತ, ಮತ್ತೆ ತಳ್ಳುವುದು. ಬೆಂಗಳೂರಿನ ಬಂಡೆಗಳ ಮೇಲೆ ನಡೆಯುತ್ತಿದ್ದ ಈ ಕೆಲಸವನ್ನು ಎಚ್. ವಾರ್ತ್ ಎಂಬವರು 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ವಿವರವಾಗಿ ಬರೆದರು.

ಅವರು ಕೊಟ್ಟ ಲೆಕ್ಕ ಇಂದಿಗೂ ಬೆರಗು ಹುಟ್ಟಿಸುತ್ತದೆ. ಬೆಂಕಿ ಉರಿದದ್ದು 8 ಗಂಟೆ. ಅದು ಸರಿದದ್ದು ಗಂಟೆಗೆ ಸುಮಾರು 6 ಅಡಿ. ಬೆಂಕಿ ಹಾದುಹೋದ ಜಾಗ 460 ಚದರಡಿಯಾದರೂ ಬಿರುಕು ಅದರ ಆಚೀಚೆಗೂ ಹರಿದು, ಒಟ್ಟು 740 ಚದರಡಿಯ ಒಂದೇ ಹಾಸು ಎದ್ದು ಬಂತು. ದಪ್ಪ ಸರಾಸರಿ 5 ಇಂಚು. ಸುಟ್ಟ ಸೌದೆ 760 ಕಿಲೊ ಆಸುಪಾಸು, ಅಂದರೆ ಒಂದು ಪಾಲು ಸೌದೆಗೆ ಮೂವತ್ತು ಪಾಲು ಕಲ್ಲು. ಇಂದಿನ 30×40ರ ನಿವೇಶನದಲ್ಲಿ ಮುಂದುಗಡೆ 10 ಅಡಿ ಬಿಟ್ಟರೆ ಸಿಗುವ ಜಾಗ 300 ಚದರಡಿ. ಒಂದು ಹಗಲಿನ ಬೆಂಕಿ ಅಂಥ ಎರಡು ಮನೆಗಳ ಮುಂದೆ ಹಾಸಿ ಮಿಗುವಷ್ಟು ಚಪ್ಪಡಿ ಕೊಡುತ್ತಿತ್ತು.

ಉತ್ತರ ಬೆಂಗಳೂರಿನ ಮನೆಗಳ ಮುಂದೆ ಗೇಟಿನಿಂದ ಹೊಸ್ತಿಲವರೆಗೆ ಹಾಸಿರುವ ನೆಲದ ಚರಿತ್ರೆ ಈ ಬಂಡೆಯಿಂದಲೇ ಶುರುವಾಗುತ್ತದೆ.

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಈ ಕಲ್ಲಿಗೆ 1916ರಲ್ಲಿ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗಿನ ಗುಡ್ಡ ಅದರ ಹೆಸರಾಂತ ತುಣುಕು. ಅದೇ ಬಂಡೆ ಉತ್ತರಕ್ಕೆ ಬೆಟ್ಟಹಲಸೂರು, ಬಾಗಲೂರು, ಹೆಸರಘಟ್ಟದ ಕಡೆಗೆಲ್ಲ ಅಲ್ಲಲ್ಲಿ ತಲೆಯೆತ್ತಿದೆ. ದೇವನಹಳ್ಳಿ ತಾಲ್ಲೂಕಿನ ಕೊಯಿರಾದ ಕಲ್ಲಿಗಂತೂ ಶಿಲ್ಪಿಗಳ ನಡುವೆ ಬೇರೆಯದೇ ಮರ್ಯಾದೆ. 1951ರಲ್ಲಿ ಶಂಕುಸ್ಥಾಪನೆಯಾಗಿ 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಮಲ್ಲಸಂದ್ರ, ಹೆಸರಘಟ್ಟಗಳ ಕಲ್ಲು ಹೋಯಿತು. ಅಲ್ಲಿ ದುಡಿದ ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರೇ ಸುಮಾರು 1,500 ಮಂದಿ. ಆ ಅರಮನೆಯಂಥ ಕಟ್ಟಡದ ಕಂಬವೂ ಯಲಹಂಕದ ಸಾಮಾನ್ಯ ಮನೆಯ ಮೋರಿಗೆ ಮುಚ್ಚಿದ ಚಪ್ಪಡಿಯೂ ಒಂದೇ ಬಂಡೆಯ ಕುಲದವು.

ಕಲ್ಲು ಇಷ್ಟು ಹತ್ತಿರವಿದ್ದರೂ ಊರಿನವರು ಅಂಗಳಕ್ಕೆ ಅದನ್ನು ಹಾಸುತ್ತಿರಲಿಲ್ಲ. ಕಲ್ಲು ಬೇರೆ ಕೆಲಸಗಳಿಗಿತ್ತು: ಬಾವಿಯ ಕಟ್ಟೆ, ದೇವಸ್ಥಾನದ ಮೆಟ್ಟಿಲು, ತೋಟದ ಬೇಲಿಯ ಕೂಚ, ಸತ್ತ ವೀರನ ನೆನಪು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಮನೆಯ ಮುಂದಿನ ಅಂಗಳ ಮಾತ್ರ ಮಣ್ಣಿನದು. ಮಳೆಗಾಲ ಕಳೆದ ಮೇಲೆ ಕೆಮ್ಮಣ್ಣು ಹರವಿ, ನೀರು ಚಿಮುಕಿಸಿ, ದಮ್ಮಸು ಮಾಡಿ ಗಟ್ಟಿಗೊಳಿಸಿ, ಮೇಲೆ ಸಗಣಿ ಸಾರಿಸುತ್ತಿದ್ದರು. ಸಾರಣೆ ಹೆಂಗಸರ ದಿನದ ಕೆಲಸ. ಸಾರಿಸಿದ ನೆಲ ದೂಳು ಏಳಗೊಡುತ್ತಿರಲಿಲ್ಲ, ರಂಗೋಲಿಯ ಗೆರೆಯನ್ನು ಚೆನ್ನಾಗಿ ಹಿಡಿಯುತ್ತಿತ್ತು. ಎತ್ತಿನ ಗಾಡಿಯ ಚಕ್ರ ಹೂತು ಹಳ್ಳಬಿದ್ದ ಕಡೆ ಇನ್ನೊಂದು ಮಂಕರಿ ಮಣ್ಣು ಸುರಿದರೆ ರಿಪೇರಿ ಮುಗಿಯಿತು.

ಗೇಟಿನಿಂದ ಹೊಸ್ತಿಲವರೆಗೆ ಒಂದು ಖಾಲಿ ಪಟ್ಟಿ ಇರಬೇಕೆಂಬುದು ಬಡಾವಣೆಗಳ ಕಾನೂನು ತಂದ ವಿಷಯ. ಪೇಟೆಯ ಹಳೆಯ ಮನೆಗಳಲ್ಲಿ ಜಗಲಿ ಇಳಿದರೆ ಬೀದಿಯೇ ಸಿಗುತ್ತಿತ್ತು. 1945ರಲ್ಲಿ ನಗರ ಸುಧಾರಣಾ ಮಂಡಳಿ ಬಂತು; 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಅಳತೆಯ ನಿವೇಶನ, ಸುತ್ತ ಬಿಡಬೇಕಾದ ಜಾಗ, ಕಾಂಪೌಂಡು, ಗೇಟು ಎಲ್ಲವೂ ಈ ಬಡಾವಣೆಗಳ ಜೊತೆ ವಾಡಿಕೆಯಾದವು. ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಆರ್.ಟಿ. ನಗರ, ಗೃಹ ಮಂಡಳಿ ಕಟ್ಟಿದ ಯಲಹಂಕ ಉಪನಗರ, ಯಶವಂತಪುರದ ಸುತ್ತಲಿನ ಕಾರ್ಮಿಕರ ಬಡಾವಣೆಗಳು ಇದೇ ಅಚ್ಚಿನಲ್ಲಿ ಬೆಳೆದವು. ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಹಣವೂ ಮುಗಿದಿರುತ್ತಿತ್ತು. ಆಗ ಮುಂದಿನ ಜಾಗಕ್ಕೆ ಎಲ್ಲಕ್ಕಿಂತ ಸುಲಭದ ಹಾಸು ಎಂದರೆ ಹತ್ತಾರು ಮೈಲಿಯೊಳಗಿನ ಕ್ವಾರಿಯಿಂದ ಲಾರಿಯಲ್ಲಿ ಬರುವ ಚಪ್ಪಡಿ.

ಚಪ್ಪಡಿ ಹಾಸುವ ಕ್ರಮ ನೋಡಲು ಸರಳ, ಮಾಡಲು ಜಾಣತನ ಬೇಡುವಂಥದ್ದು. ಮೊದಲು ಮೇಲಿನ ಸಡಿಲ ಮಣ್ಣು ತೆಗೆದು ಗಟ್ಟಿನೆಲ ಮುಟ್ಟಬೇಕು. ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಮರಳು ಅಥವಾ ಕಲ್ಲುಪುಡಿ. ಮನೆಯ ಕಡೆಯಿಂದ ಬೀದಿಯ ಕಡೆಗೆ ದಾರ ಕಟ್ಟಿ ವಾಟ ಕೊಡಬೇಕು. ಇಲ್ಲದಿದ್ದರೆ ಮಳೆನೀರು ಹೊಸ್ತಿಲಿಗೇ ಬರುತ್ತದೆ. ಆಮೇಲೆ ಹಾರೆಯಿಂದ ಮೀಟಿ ಒಂದೊಂದೇ ಕಲ್ಲನ್ನು ಕೂರಿಸುವುದು. ಚಪ್ಪಡಿಯ ಅಡಿ ಮೈಯಲ್ಲಿ ಉಬ್ಬುತಗ್ಗು ಇದ್ದೇ ಇರುತ್ತದೆ. ಕೆಳಗೆ ಪೊಳ್ಳು ಉಳಿದರೆ 5 ಇಂಚಿನ ಕಲ್ಲೂ ಚಕ್ರದ ಭಾರಕ್ಕೆ ಒಡೆಯಬಹುದು. ಮೈತುಂಬ ಮರಳು ಕುಳಿತರೆ ಎರಡು ಇಂಚಿನದೂ ನಿಲ್ಲುತ್ತದೆ. ಹಾಗಾಗಿ ನುರಿತ ಮೇಸ್ತ್ರಿ ಕಲ್ಲು ಕೂರಿಸಿದ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳುತ್ತಾರೆ. ಬಂಡೆ ಎಬ್ಬಿಸುವವರು ಬೆಂಕಿಯ ಮುಂದೆ ಕೇಳುತ್ತಿದ್ದುದೂ ಇದೇ ಪೊಳ್ಳುಸದ್ದನ್ನೇ. ಅಲ್ಲಿ ಅದು ಬಂದರೆ ಕೆಲಸವಾಯಿತು, ಇಲ್ಲಿ ಬಂದರೆ ಕಲ್ಲನ್ನು ಮತ್ತೆ ಎತ್ತಬೇಕು.

ಈ ಕೆಲಸದ ಬಹುಪಾಲು ಭಾರ ಹೊತ್ತವರು ಭೋವಿ ಸಮುದಾಯದವರು. ಬ್ರಿಟಿಷರ ಕಾಲದ ದಾಖಲೆಗಳು ಅವರನ್ನು ಕಲ್ಲುವಡ್ಡರು, ಮಣ್ಣುವಡ್ಡರು ಎಂದು ಕಸುಬಿನ ಮೇಲೆ ವಿಂಗಡಿಸಿವೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶರಣ ಸಿದ್ಧರಾಮರನ್ನು ಅವರು ಗುರುವೆಂದು ನೆನೆಯುತ್ತಾರೆ. ಕ್ರಷರ್ ಬರುವ ಮುಂಚೆ ಜಲ್ಲಿಯೂ ಕೈಕೆಲಸದ್ದೇ. ರಸ್ತೆಬದಿಯಲ್ಲಿ ಗುಡ್ಡೆ ಹಾಕಿದ ಕಲ್ಲನ್ನು ಹೆಂಗಸರು ಕೂತು ಒಡೆಯುತ್ತಿದ್ದರು, ಪಕ್ಕದಲ್ಲೇ ಮಗು ಮಲಗಿರುತ್ತಿತ್ತು. ಕಲ್ಲಿನ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಆ ಕಾಯಿಲೆಗೆ ಪೂರ್ತಿ ಗುಣವಿಲ್ಲ. ನೂರಾರು ವರ್ಷ ಬಾಳುವ ನೆಲವನ್ನು ಊರಿಗೆ ಕೊಟ್ಟವರಲ್ಲಿ ಎಷ್ಟೋ ಜನರಿಗೆ ತಮ್ಮ ಆಯುಷ್ಯದ ಒಂದು ಪಾಲನ್ನು ಅದಕ್ಕಾಗಿ ತೆರಬೇಕಾಯಿತು.

ಸಿಮೆಂಟು ಈ ಕಥೆಯೊಳಗೆ ನಿಧಾನವಾಗಿ ಬಂತು. ಭದ್ರಾವತಿಯಲ್ಲಿ 1930ರ ದಶಕದ ಕೊನೆಗೆ ಸಿಮೆಂಟ್ ಕಾರ್ಖಾನೆ ಶುರುವಾದ ಮೇಲೆ ಮೈಸೂರು ಸೀಮೆಯಲ್ಲಿ ಸುಣ್ಣದ ಗಾರೆಯ ಜಾಗವನ್ನು ಅದು ಹಂತಹಂತವಾಗಿ ಹಿಡಿಯಿತು. ಮನೆಯೊಳಗೆ ರೆಡ್ ಆಕ್ಸೈಡಿನ ಹೊಳಪು ಬಂತು. ಹೊರಗೆ ಚಪ್ಪಡಿಯ ಸಂದುಗಳಿಗೆ ಸಿಮೆಂಟು ತುಂಬುವ ರೂಢಿ ಬಂತು. ಮುಂದಿನ ತಿರುವು ಕೊಟ್ಟದ್ದು ಕಾರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರುಕಟ್ಟೆಗೆ ಇಳಿಯಿತು. ಮುಕ್ಕಾಲು ಟನ್ನಿಗಿಂತ ಹಗುರವಾದ ಆ ಪುಟ್ಟ ಕಾರನ್ನು ಗೇಟಿನೊಳಗೆ ತರಲು ಬೀದಿಯ ಮೋರಿ ದಾಟಿ ಒಂದು ಇಳಿಜಾರು ಬೇಕಾಯಿತು. ಮೋರಿಯ ಮೇಲೆ ಸುಮ್ಮನೆ ಕೂತಿದ್ದ ಚಪ್ಪಡಿಯ ಬದಲು ಕಾಂಕ್ರೀಟ್ ರಾಂಪು ಬಂತು. ರಾಂಪಿನ ಹಿಂದೆಯೇ ಅಂಗಳಕ್ಕೂ ಕಾಂಕ್ರೀಟ್ ಇಳಿಯಿತು. ಇಂದು ಅದೇ ಗೇಟಿನೊಳಗೆ ಬರುವ ಗಾಡಿಗಳಲ್ಲಿ ಒಂದೂವರೆ ಟನ್ ದಾಟಿದವು ಎಷ್ಟೋ ಇವೆ.

ಕಾಂಕ್ರೀಟನ್ನು ಶಾಸ್ತ್ರೋಕ್ತವಾಗಿ ಹಾಕಿದರೆ ಅದು ಗಟ್ಟಿಗ. ಆದರೆ ಅದಕ್ಕೆ ಅದರದೇ ನಿಯಮಗಳಿವೆ. ನೆಲ ಚೆನ್ನಾಗಿ ದಮ್ಮಸಾಗಿರಬೇಕು, ದಪ್ಪ ಕನಿಷ್ಠ 4 ಇಂಚು ಇರಬೇಕು, ಹತ್ತಡಿಗೊಮ್ಮೆ ಸಂದು ಬಿಡಬೇಕು, ವಾರಕ್ಕೆ ಕಡಿಮೆಯಿಲ್ಲದಂತೆ ನೀರು ಕಟ್ಟಿ ಕ್ಯೂರಿಂಗ್ ಮಾಡಬೇಕು. ಅಂದುಕೊಂಡ ಬಲ ಬರುವುದು 28 ದಿನಕ್ಕೆ. ಮೂರನೆಯ ದಿನವೇ ಕಾರು ಹತ್ತಿಸಿದರೆ ಬಿರುಕು ಒಳಗಿನಿಂದಲೇ ಶುರುವಾಗುತ್ತದೆ. ಸಂದು ಬಿಡದ ಕಡೆ ಕಾಂಕ್ರೀಟು ಒಣಗಿ ಕುಗ್ಗುವಾಗ ತನಗೆ ತೋಚಿದಲ್ಲಿ ಸೀಳುತ್ತದೆ. ಪಾಯ ತೋಡಿದ ಮಣ್ಣನ್ನೇ ಮತ್ತೆ ತುಂಬಿದ ಕಡೆ ಅಡಿನೆಲ ಕುಸಿದು ಹಾಸು ತೂಗುಬೀಳುತ್ತದೆ. ಹೊಂಗೆಯ ಬೇರು ಕೆಳಗಿನಿಂದ ಎತ್ತುತ್ತದೆ. ನೀರಿನ ಕೊಳವೆ ಸೋರಿದರೆ ಒಡೆದೇ ನೋಡಬೇಕು. ಒಡೆದ ಜಾಗಕ್ಕೆ ಹಾಕಿದ ತೇಪೆ ಬಣ್ಣದಲ್ಲೂ ಬಲದಲ್ಲೂ ಉಳಿದುದರ ಜೊತೆ ಬೆರೆಯುವುದಿಲ್ಲ. ಚಪ್ಪಡಿಯ ಕಾಲದಲ್ಲಿ ಹಾರೆ ಹಿಡಿದ ಇಬ್ಬರು ಕಲ್ಲೆತ್ತಿ, ಕೊಳವೆ ಸರಿಮಾಡಿ, ಒಂದು ಬಾಂಡಲಿ ಮರಳು ಸುರಿದು ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸಿ ಸಂಜೆಗೆ ಮನೆಗೆ ಹೋಗುತ್ತಿದ್ದರು.

ಇನ್ನೊಂದು ನಷ್ಟ ಕಣ್ಣಿಗೆ ಬೀಳಲು ಹೆಚ್ಚು ಕಾಲ ಹಿಡಿಯಿತು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್‌ನಷ್ಟು ಮಳೆಯಾಗುತ್ತದೆ. 300 ಚದರಡಿಯ ಅಂಗಳದ ಮೇಲೆ ಬೀಳುವ ನೀರು ವರ್ಷಕ್ಕೆ ಸುಮಾರು 27 ಸಾವಿರ ಲೀಟರ್. ಚಪ್ಪಡಿಯ ಸಂದುಗಳಲ್ಲಿ ಇಳಿದು ಮಣ್ಣು ಸೇರುತ್ತಿದ್ದ ಇದರ ಒಂದು ಪಾಲು ಈಗ ಪೂರ್ತಿಯಾಗಿ ಬೀದಿಗೆ ಹರಿಯುತ್ತದೆ. ಒಂದೇ ಮನೆಯಾದರೆ ಲೆಕ್ಕಕ್ಕಿಲ್ಲ. ಯಲಹಂಕದಿಂದ ಜಕ್ಕೂರು, ರಾಚೇನಹಳ್ಳಿ ಕೆರೆಗಳತ್ತ ಇಳಿಯುವ ಇಡೀ ಪ್ರದೇಶದ ಮನೆಗಳೆಲ್ಲ ಹೀಗೆ ಮಾಡಿದಾಗ ಕಾಲುವೆ ತಡೆದುಕೊಳ್ಳುವುದಿಲ್ಲ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಒತ್ತುವರಿ, ಹೂಳು, ಅಕಾಲದ ಜಡಿಮಳೆ ಇವೆಲ್ಲ ಇಂಥ ನೆರೆಗೆ ಕಾರಣವೇ. ನೀರು ಕುಡಿಯದ ಅಂಗಳಗಳೂ ಅವುಗಳ ಜೊತೆ ಸೇರುತ್ತವೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು, 30×40ರ ನಿವೇಶನದಲ್ಲಿ ಕಟ್ಟುವ ಹೊಸ ಮನೆಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು.

ಈಗ ಆರ್.ಟಿ. ನಗರದ ಅಡ್ಡರಸ್ತೆಗಳಲ್ಲೂ ಹೆಬ್ಬಾಳದ ಹೊಸ ಮನೆಗಳಲ್ಲೂ ಕಾಣುವುದು ಇಂಟರ್‌ಲಾಕ್ ಇಟ್ಟಿಗೆ. ಎರಡನೆಯ ಮಹಾಯುದ್ಧದ ನಂತರ ಇಟ್ಟಿಗೆಯ ಕೊರತೆ ಕಂಡ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಈ ಪದ್ಧತಿ ಉತ್ತರ ಬೆಂಗಳೂರಿಗೆ ತೀರಾ ಹೊಸದೇನೂ ಅಲ್ಲ. ದಮ್ಮಸು ಮಾಡಿದ ನೆಲ, ಜಲ್ಲಿ, ಮರಳು, ಅದರ ಮೇಲೆ ಗಾರೆಯಿಲ್ಲದೆ ಕೂತ ಕಲ್ಲು. ಮೇಸ್ತ್ರಿಗಳಿಗೆ ಗೊತ್ತಿದ್ದ ಅದೇ ಕ್ರಮ ಸಣ್ಣ ಅಚ್ಚಿನಲ್ಲಿ ಮರಳಿ ಬಂದಿದೆ. ಭಾರತೀಯ ಮಾನಕ ಐಎಸ್ 15658 ಮನೆಯೊಳಗಿನ ಕಾರುಹಾದಿಗೆ 50 ಮಿಲಿಮೀಟರ್ ದಪ್ಪದ, ವಸತಿ ಬಡಾವಣೆಯ ರಸ್ತೆಗೆ 60 ಮಿಲಿಮೀಟರ್ ದಪ್ಪದ ಇಟ್ಟಿಗೆಯನ್ನು ಹೇಳಿದೆ. ಕೆಟ್ಟುಹೋಗುವುದು ಇಟ್ಟಿಗೆಗಿಂತ ಹೆಚ್ಚಾಗಿ ಅದರ ಬುಡ. ಜಲ್ಲಿ ಉಳಿಸಿ ಬರೀ ಮಣ್ಣಿನ ಮೇಲೆ ಹಾಸಿದರೆ ಎರಡು ಮಳೆಗಾಲದಲ್ಲಿ ಚಕ್ರದ ಜಾಡು ಮೂಡುತ್ತದೆ. ಅಂಚಿಗೆ ಕಟ್ಟೆ ಕಟ್ಟದಿದ್ದರೆ ಸಾಲು ಹೊರಕ್ಕೆ ಜಾರಿ ಸಂದು ಬಾಯಿಬಿಡುತ್ತದೆ. ಹುಲ್ಲು ಹುಟ್ಟುತ್ತದೆಂದು ಸಂದುಗಳಿಗೆ ಸಿಮೆಂಟು ಬಳಿದರೆ ನೀರು ಇಳಿಯುವ ದಾರಿಯೂ ಹೋಗುತ್ತದೆ, ಎತ್ತಿ ಮತ್ತೆ ಕೂರಿಸುವ ಅನುಕೂಲವೂ ಹೋಗುತ್ತದೆ.

ಕಲ್ಲು ಬಂದ ಜಾಗಗಳ ಕಥೆ ಅಷ್ಟು ಸುಖದ್ದಲ್ಲ. ಯಲಹಂಕದ ಪೂರ್ವಕ್ಕಿರುವ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳಲ್ಲಿ ಬಂಡೆ ತೆಗೆದು ಉಳಿದ ಆಳದ ಗುಂಡಿಗಳಿಗೆ ನಗರದ ಕಸ ಹೋಗಿ ಬಿತ್ತು. ಊರಿಗೆ ಅಂಗಳ ಕೊಟ್ಟ ಹಳ್ಳಿಗಳಿಗೆ ಊರು ತಿರುಗಿ ಕಳಿಸಿದ್ದು ತ್ಯಾಜ್ಯದ ಲಾರಿಗಳನ್ನು. ಸುತ್ತಲಿನವರು ಅಂತರ್ಜಲ ಕೆಟ್ಟಿದೆ ಎಂದು ಮತ್ತೆ ಮತ್ತೆ ದನಿಯೆತ್ತಿದ್ದಾರೆ. ಮನೆಮುಂದಿನ ಹಾಸಿನ ಚರಿತ್ರೆ ಬರೆಯುವವರು ಈ ಗುಂಡಿಗಳನ್ನು ಬಿಟ್ಟು ಬರೆಯಲಾಗದು.

ಹಳೆಯ ಮನೆ ಕೆಡವುವಾಗ ಚಪ್ಪಡಿಗಳನ್ನು ಮಾತ್ರ ಯಾರೂ ಪುಡಿಮಾಡುವುದಿಲ್ಲ. ಅವು ಗೋಡೆಗೆ ಒರಗಿ ನಿಲ್ಲುತ್ತವೆ, ಕೊಳ್ಳುವವರು ಬಂದೇ ಬರುತ್ತಾರೆ. ಮೇಲ್ಮೈ ಐವತ್ತು ವರ್ಷದ ಕಾಲ್ತುಳಿತಕ್ಕೆ ನುಣುಪಾಗಿರುತ್ತದೆ. ಹಾಸುವಾಗ ಮಗುಚಿ ಹಾಕಿದರೆ ಚಾಣದ ಗುರುತಿರುವ ಒರಟು ಮೈ ಮೇಲಕ್ಕೆ ಬಂದು ಮಳೆಯಲ್ಲೂ ಕಾಲು ಜಾರುವುದಿಲ್ಲ. ಇಷ್ಟು ದಿನ ಮಣ್ಣಿನ ಕಡೆಗಿದ್ದ ಆ ಮೈಯ ಅಂಚಿನಲ್ಲಿ, ಬಂಡೆಯನ್ನು ಸೀಳಲು ಯಾರೋ ಸಾಲಾಗಿ ಹೊಡೆದ ಗೂಟದ ಗುಳಿಗಳು ಒಂದೊಂದಾಗಿ ಎಣಿಸುವಂತೆ ಉಳಿದಿರುತ್ತವೆ.