ಹಣವಾಗಿದ್ದ ಕೋಕೋ ಬೀಜ

ಚಾಕೊಲೇಟಿನ ಮೂಲವಸ್ತುವಾದ ಕೋಕೋ ಬೀಜ ಮೆಕ್ಸಿಕೊದಲ್ಲಿ ಹಿಂದೆ ಹಣವೂ ಆಗಿತ್ತು. ಆಜ್ಟೆಕ್ ಜನರ ರಾಜಧಾನಿ ಟೆನೊಚ್‌ಟಿಟ್ಲಾನ್ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿತ್ತು. ಸೆಕೆ ಮತ್ತು ಮಳೆಯನ್ನು ಬೇಡುವ ಕೋಕೋ ಮರ ಅಲ್ಲಿನ ತಂಪು ಹವೆಯಲ್ಲಿ ಬೆಳೆಯದು. ಶಾಂತಸಾಗರದ ಕರಾವಳಿಯ ಸೊಕೊನುಸ್ಕೊದಂತಹ ಪ್ರಾಂತಗಳಿಂದ ಬೀಜ ಕಪ್ಪವಾಗಿ ಬರುತ್ತಿತ್ತು. ಹಿತ್ತಲಲ್ಲಿ ಬೆಳೆದುಕೊಳ್ಳಲಾಗದ ವಸ್ತುವಾದ್ದರಿಂದ ರಾಜಧಾನಿಯಲ್ಲಿ ಅದಕ್ಕೆ ಬೆಲೆ ಉಳಿಯಿತು.

1521ರಲ್ಲಿ ಸ್ಪೇನಿನವರು ರಾಜಧಾನಿಯನ್ನು ಗೆದ್ದ ಮೇಲೂ ಬೀಜದ ಚಲಾವಣೆ ನಿಲ್ಲಲಿಲ್ಲ. ಟ್ಲಾಶ್ಕಾಲಾದಲ್ಲಿ 1545ರಲ್ಲಿ ನಾವಾಟ್ಲ್ ಭಾಷೆಯಲ್ಲಿ ಬರೆದ ದರಪಟ್ಟಿ ಇದಕ್ಕೆ ಸಾಕ್ಷಿ. ದೊಡ್ಡ ಟೊಮೇಟೊಗೆ 1 ಬೀಜ, ಟರ್ಕಿ ಕೋಳಿಯ ಮೊಟ್ಟೆಗೆ 3, ಒಳ್ಳೆಯ ಹೆಣ್ಣು ಟರ್ಕಿಗೆ 100 ತುಂಬಿದ ಬೀಜ. ಬೀಜ ಸುಕ್ಕಿದ್ದರೆ 120 ಕೊಡಬೇಕು!

ಖೋಟಾ ಹಣವೂ ಇತ್ತು. ಬೀಜದ ಸಿಪ್ಪೆಯೊಳಗೆ ರಾಜಗಿರಿ ಹಿಟ್ಟಿನ ಕಣಕ, ಮೇಣ ಅಥವಾ ಬೆಣ್ಣೆಹಣ್ಣಿನ ಬೀಜದ ಚೂರು ತುಂಬಿ ಮಾರುವವರ ವಿಷಯವನ್ನು ಬರ್ನಾರ್ಡಿನೊ ಡಿ ಸಹಾಗುನ್ ಎಂಬ ಪಾದ್ರಿ 16ನೆಯ ಶತಮಾನದಲ್ಲಿ ದಾಖಲಿಸಿದ್ದಾನೆ.

ಮುಗ್ಗಿದರೆ, ಹುಳು ಹಿಡಿದರೆ ಬೆಲೆ ಕಳೆದುಕೊಳ್ಳುವ ಈ ಹಣವನ್ನು ತಲೆಮಾರುಗಳವರೆಗೆ ಹೂತಿಡುವಂತಿರಲಿಲ್ಲ. ಆದರೆ ಬೇಕೆನಿಸಿದಾಗ ಹುರಿದು, ಅರೆದು ಪಾನೀಯ ಮಾಡಿ ಕುಡಿಯಬಹುದಿತ್ತು. ಆ ಉಪಯೋಗವೇ ಅದರ ಬೆಲೆಗೆ ಆಧಾರ. ಚಿನ್ನದ ನಾಣ್ಯ ಹಸಿವಿಗಾಗದು.