ಸ್ಲೇಟೂ ಹೌದು, ಲ್ಯಾಪ್‌ಟಾಪೂ ಹೌದು

ಹೋದ ಸಲ ಊರಿಗೆ ಹೋಗಿದ್ದಾಗ ಅಮ್ಮ ಎರಡು ಲಾಂಗ್ ಬುಕ್ ತಂದು ನನ್ನ ಮುಂದಿಟ್ಟಳು. ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವಳು. ಆ ದಿನಗಳ ಬಗ್ಗೆ ಯಾರಿಗೂ ಹೇಳದೆ ಬರೆಯುತ್ತಾ ಬಂದಿದ್ದಾಳೆ. "ಇದನ್ನ ಕಂಪ್ಯೂಟರಿಗೆ ಹಾಕೋಕೆ ಆಗತ್ತೇನೋ? ಟೈಪ್ ಮಾಡು ಅಂತ ಮಾತ್ರ ಹೇಳ್ಬೇಡ, ಆ ಗುಂಡಿ ಹುಡುಕೋದ್ರಲ್ಲಿ ಬರೆಯೋದು ಮರೆತೇ ಹೋಗತ್ತೆ" ಅಂದಳು.

ನನಗೆ ತಟ್ಟನೆ ಹೊಳೆದದ್ದು ಕನ್ವರ್ಟಿಬಲ್ ಲ್ಯಾಪ್‌ಟಾಪು. ಅದೇ, ಸ್ಕ್ರೀನನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಸ್ಲೇಟಾಗಿ, ಪೆನ್ನಿನಲ್ಲಿ ಬರೆಯೋಕೆ ಬರುತ್ತಲ್ಲ, ಅದು. ಆದರೆ ಕೈ ಒಮ್ಮೆ ಸುಟ್ಟುಕೊಂಡವನು ನಾನು. ಇಂಜಿನಿಯರಿಂಗ್ ಓದುವಾಗ ಇಂಥದ್ದೇ ಒಂದು ಬೇಕೇಬೇಕು ಅಂತ ಹಟ ಹಿಡಿದು ಕೊಂಡಿದ್ದೆ (ಕಂಪನಿಯ ಹೆಸರು ಬೇಡ ಬಿಡಿ). ಮೊದಲ ತಿಂಗಳು ಸರ್ಕ್ಯೂಟ್ ಚಿತ್ರಗಳನ್ನೆಲ್ಲ ಅದರಲ್ಲೇ ಬರೆದೆ. ಎರಡನೇ ತಿಂಗಳಿಂದ ಅದು ಬರೀ ಲ್ಯಾಪ್‌ಟಾಪು. ಮೂರನೇ ವರ್ಷಕ್ಕೆ ಬಿಜಾಗರಿ ಪ್ಲಾಸ್ಟಿಕ್ಕನ್ನು ಕಿತ್ತುಕೊಂಡು ಹೊರಬಂತು. ರಿಪೇರಿಗೆ ಹೇಳಿದ ದುಡ್ಡು ಕೇಳಿ ಸ್ಕ್ರೀನನ್ನು ಗೋಡೆಗೆ ಒರಗಿಸಿಕೊಂಡೇ ಡಿಗ್ರಿ ಮುಗಿಸಿದೆ :)

ಹಾಗಾಗಿ ಈ ಸಲ ದುಡ್ಡು ಹಾಕುವ ಮೊದಲು ಈ ಯಂತ್ರದ ಪೂರ್ವಾಪರ ತಿಳಿಯೋಣ ಅಂತ ಕೂತೆ. ನೋಡಿದರೆ ನನ್ನ ತಕರಾರುಗಳೆಲ್ಲ ನಾನು ಹುಟ್ಟುವ ಮುಂಚೆಯೇ ಜನ ಮಾಡಿ ಮುಗಿಸಿದ್ದವು!

ಕನಸು ಹಳೆಯದು. 1972ರಲ್ಲಿ ಝೆರಾಕ್ಸ್ ಪಾರ್ಕ್‌ನಲ್ಲಿದ್ದ ಅಲನ್ ಕೇ ಎಂಬಾತ 'ಡೈನಾಬುಕ್' ಅನ್ನುವ ಪುಸ್ತಕದಷ್ಟು ದೊಡ್ಡ ಕಂಪ್ಯೂಟರಿನ ಬಗ್ಗೆ ಲೇಖನ ಬರೆದ. ಮಕ್ಕಳು ಹುಲ್ಲಿನ ಮೇಲೆ ಕೂತು ಆಡುವಂಥದ್ದು, ಐನೂರು ಡಾಲರಿನ ಒಳಗೆ ಸಿಗಬೇಕು. ಕೋಣೆ ತುಂಬುವ ಯಂತ್ರಗಳ ಕಾಲದಲ್ಲಿ ಇದು! ರಟ್ಟಿನ ಮಾದರಿ ಬಿಟ್ಟರೆ ಅವನ ಕೈಯಲ್ಲಿ ಬೇರೇನೂ ಇರಲಿಲ್ಲ.

ಮುಟ್ಟುವ ಸ್ಕ್ರೀನಿನ ಕಥೆ ಬೇರೆ ದಾರಿಯದು. 1983ರಲ್ಲಿ ಬಂದ ಎಚ್‌ಪಿ-150 ಮೇಜಿನ ಮೇಲಿಡುವ ಕಂಪ್ಯೂಟರು. ಸ್ಕ್ರೀನಿನ ಅಂಚಿನ ತೂತುಗಳಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳು ಅಡ್ಡಡ್ಡ ಹಾಯುತ್ತಿದ್ದವು. ಬೆರಳು ಎಲ್ಲಿ ಅಡ್ಡ ಬಂತು ಅನ್ನುವುದರಿಂದ ಜಾಗ ಗೊತ್ತಾಗುತ್ತಿತ್ತು. ಆ ತೂತುಗಳಲ್ಲಿ ಧೂಳು ಕೂತರೆ ಕಥೆ ಮುಗಿಯಿತು. ಅದಕ್ಕಿಂತ ದೊಡ್ಡ ತೊಂದರೆ ತೋಳಿನದು. ನೆಟ್ಟಗೆ ನಿಂತ ಸ್ಕ್ರೀನನ್ನು ಹತ್ತು ನಿಮಿಷ ಮುಟ್ಟುತ್ತಾ ಕೂತು ನೋಡಿ, ಭುಜ ನೋಯತೊಡಗುತ್ತದೆ. ಇಂಜಿನಿಯರುಗಳು ಇದಕ್ಕೆ 'ಗೊರಿಲ್ಲಾ ತೋಳು' ಅಂತ ಹೆಸರಿಟ್ಟರು. 2010ರಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್ ಲ್ಯಾಪ್‌ಟಾಪಿಗೆ ಟಚ್ ಸ್ಕ್ರೀನ್ ಕೊಡುವುದಿಲ್ಲ ಎಂದಾಗ ಕೊಟ್ಟದ್ದೂ ಇದೇ ಕಾರಣ.

ಅಂದಮೇಲೆ ಸ್ಕ್ರೀನು ಮಲಗಬೇಕು. ಮಲಗಬೇಕಾದರೆ ಕೀಬೋರ್ಡು ಎಲ್ಲಿಗೆ ಹೋಗಬೇಕು? ಐವತ್ತು ವರ್ಷದ ತಲೆನೋವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ನನಗೆ ತುಂಬಾ ಇಷ್ಟವಾದವನು ಜೆಫ್ ಹಾಕಿನ್ಸ್. 1989ರಲ್ಲಿ ಗ್ರಿಡ್ ಸಿಸ್ಟಮ್ಸ್ ಕಂಪನಿಗೆ ಗ್ರಿಡ್‌ಪ್ಯಾಡ್ ಮಾಡಿಕೊಟ್ಟ. ಪೆನ್ನಿನ ಕಂಪ್ಯೂಟರು, ಒಳಗೆ ಡಾಸ್, ಎರಡು ಕಿಲೋ ತೂಕ, ಬೆಲೆ ಎರಡು ಸಾವಿರ ಡಾಲರಿನ ಮೇಲೆ. ನಿಂತಲ್ಲೇ ಫಾರಂ ತುಂಬುವ ಕೆಲಸದವರಿಗೆ ಹೇಳಿ ಮಾಡಿಸಿದಂತಿತ್ತು. ಆಮೇಲೆ ತೊಂಬತ್ತರ ದಶಕದ ಆರಂಭದಲ್ಲಿ 'ಗ್ರಿಡ್ ಕನ್ವರ್ಟಿಬಲ್' ಬಂತು. ಇದರಲ್ಲಿ ಸ್ಕ್ರೀನನ್ನು ಮುಖ ಮೇಲಾಗಿಯೇ ಕೀಬೋರ್ಡಿನ ಮೇಲೆ ಇಳಿಸಬಹುದಿತ್ತು. ನಾವು ಇವತ್ತು ಕೊಳ್ಳುವ ಯಂತ್ರಗಳ ಮುತ್ತಜ್ಜ ಅನ್ನಬಹುದು.

ಅದು ಓಡಲಿಲ್ಲ. ಆ ಕಾಲದ ಪೆನ್ನಿನ ಕಂಪ್ಯೂಟರುಗಳೆಲ್ಲ ಒಂದೊಂದಾಗಿ ಮಲಗಿದವು. ಹಾಕಿನ್ಸ್ ಮಾತ್ರ ಸೋಲಿನಿಂದ ಪಾಠ ಕಲಿತ. ಜೇಬಿಗೆ ಹಿಡಿಸುವ ಮರದ ತುಂಡೊಂದನ್ನು ಇಟ್ಟುಕೊಂಡು, ಅದೇ ಕಂಪ್ಯೂಟರು ಅಂದುಕೊಂಡು ಓಡಾಡಿದ. 1996ರಲ್ಲಿ ಪಾಮ್ ಪೈಲಟ್ ಬಂತು. ಕೀಬೋರ್ಡಿಲ್ಲ, ಬಿಜಾಗರಿಯಿಲ್ಲ, ದೊಡ್ಡ ಕೆಲಸಕ್ಕೆ ಮನೆಯ ಕಂಪ್ಯೂಟರಿದೆಯಲ್ಲ ಅನ್ನುವ ಧೋರಣೆ. ಅದು ಗೆದ್ದಿತು. ಕನ್ವರ್ಟಿಬಲ್ ಮಾಡಿದವನೇ ಕನ್ವರ್ಟಿಬಲ್ ಬಿಟ್ಟು ಗೆದ್ದ ಅನ್ನುವುದನ್ನು ಓದಿ ನನ್ನ ಹಳೇ ಲ್ಯಾಪ್‌ಟಾಪು ನೆನಪಾಯಿತು.

ಆದರೆ ಬಿಲ್ ಗೇಟ್ಸ್ ಬಿಡಲಿಲ್ಲ. 2001ರಲ್ಲಿ, ಐದು ವರ್ಷದೊಳಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಸಿ ಟ್ಯಾಬ್ಲೆಟ್ಟೇ ಆಗಿರುತ್ತದೆ ಅಂತ ಭವಿಷ್ಯ ಹೇಳಿದರು. ನವೆಂಬರ್ 2002ರಲ್ಲಿ ಟ್ಯಾಬ್ಲೆಟ್ ಪಿಸಿಗಳು ಬಂದವು. ಏಸರ್ ಟ್ರಾವೆಲ್‌ಮೇಟ್ ಸಿ100, ತೋಷಿಬಾ ಪೋರ್ಟೆಜೆ 3500 ಇವೆಲ್ಲ ಆಗಿನವು. ನಡುವೆ ಒಂದೇ ತಿರುಗಣಿ. ಸ್ಕ್ರೀನನ್ನು ಅರ್ಧ ಸುತ್ತು ತಿರುಗಿಸಿ ಕೀಬೋರ್ಡಿನ ಮೇಲೆ ಮಲಗಿಸಬೇಕು. ಬೆರಳಿಗೆ ಅವು ಜಗ್ಗುತ್ತಿರಲಿಲ್ಲ, ಪೆನ್ನೇ ಬೇಕು. ಹಲವದರಲ್ಲಿ ವಾಕಾಮ್ ಕಂಪನಿಯ ತಂತ್ರ: ಸ್ಕ್ರೀನಿನ ಹಿಂದಿನ ತಂತಿಗಳ ಬಲೆ ಕಾಂತಕ್ಷೇತ್ರ ಉಂಟುಮಾಡುತ್ತದೆ, ಪೆನ್ನಿನೊಳಗಿನ ಸುರುಳಿ ಅದಕ್ಕೆ ದನಿಗೂಡಿಸುತ್ತದೆ. ಪೆನ್ನಿಗೆ ಬ್ಯಾಟರಿ ಬೇಡ, ಅಂಗೈ ಊರಿದರೂ ಗೆರೆ ಮೂಡುವುದಿಲ್ಲ. ಬರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ತಂತ್ರ ಆಗ ಇರಲಿಲ್ಲ ಅಂತ ನನ್ನ ಅಭಿಪ್ರಾಯ.

ಮತ್ತೆ ಯಾಕೆ ಸೋತಿತು? ಬೆಲೆ, ತೂಕ ಸರಿ. ಅದರ ಜೊತೆ ಸ್ವಂತ ಮನೆಯ ಜಗಳವೂ ಇತ್ತು. ಮೈಕ್ರೋಸಾಫ್ಟಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಡಿಕ್ ಬ್ರಾಸ್ 2010ರಲ್ಲಿ ನ್ಯೂಯಾರ್ಕ್ ಟೈಮ್ಸಿನಲ್ಲಿ ಬರೆದ ಪ್ರಕಾರ, ಆಫೀಸ್ ತಂತ್ರಾಂಶದ ಮುಖ್ಯಸ್ಥರಿಗೆ ಪೆನ್ನು ಹಿಡಿಸಲಿಲ್ಲ, ಹಾಗಾಗಿ ವರ್ಡು, ಎಕ್ಸೆಲ್ಲುಗಳನ್ನು ಅದಕ್ಕೆ ಸರಿಯಾಗಿ ಒಗ್ಗಿಸಲೇ ಇಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಯಾರಿಗೂ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ!

ಇಲ್ಲಿ ನಮ್ಮ ಭಾಷೆಯ ಮಾತು ಬರುತ್ತದೆ. 'ಸ್ತ್ರೀ' ಅಂತ ಯೂನಿಕೋಡಿನಲ್ಲಿ ಬರೆಯಲು ಆರು ಸಂಕೇತ ಬೇಕು. ಅಮ್ಮನ ಕೈಗೆ ಅದು ಒಂದೇ ಅಕ್ಷರ. ಪೆನ್ನಿನ ಕಂಪ್ಯೂಟರು ಯಾರಿಗಾದರೂ ವರವಾಗಬೇಕಿದ್ದರೆ ಅದು ನಮ್ಮಂಥವರಿಗೆ. ಆದರೆ ಮೊದಲ ಟ್ಯಾಬ್ಲೆಟ್ ಪಿಸಿಗೆ ಕನ್ನಡದ ಕೈಬರಹ ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಕೆಳಗೆ ಹೋಗುತ್ತದೆ, ಗುಣಿತ ಮೇಲೋ ಪಕ್ಕಕ್ಕೋ ಹೋಗುತ್ತದೆ; ಎಡದಿಂದ ಬಲಕ್ಕೆ ಸಾಲಾಗಿ ಓದುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಕೆಲಸವೇನೋ ಆಯಿತು. ಎಚ್‌ಪಿ ಲ್ಯಾಬ್ಸ್ ಇಂಡಿಯಾದವರು ತಮಿಳಿನ 156 ಅಕ್ಷರರೂಪಗಳನ್ನು ಜನರಿಂದ ಬರೆಸಿ ಕೂಡಿಟ್ಟದ್ದು ಟ್ಯಾಬ್ಲೆಟ್ ಪಿಸಿಗಳ ಮೇಲೆಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡದ ಕೈಬರಹದ ಮೇಲೂ ಸಂಶೋಧನೆ ನಡೆಯಿತು. ಇವತ್ತು ಫೋನಿನ ಜಿಬೋರ್ಡ್ ಮೇಲೆ ಬೆರಳಿನಿಂದ ಕನ್ನಡ ಬರೆದರೆ ಅದು ಓದುತ್ತದೆ. ಅಂದರೆ ಕನ್ನಡದ ಕೈಬರಹ ನನಗೆ ಸಿಕ್ಕಿದ್ದು ಲಕ್ಷ ರೂಪಾಯಿಯ ಕನ್ವರ್ಟಿಬಲ್‌ನಲ್ಲಲ್ಲ, ಹತ್ತು ಸಾವಿರದ ಫೋನಿನಲ್ಲಿ.

2010ರ ಐಪ್ಯಾಡಿನ ಕಥೆ ನಿಮಗೆಲ್ಲ ಗೊತ್ತು. ಸುಮಾರು 680 ಗ್ರಾಂ ತೂಕ, ಪೆನ್ನೂ ಇಲ್ಲ, ಕೀಬೋರ್ಡೂ ಇಲ್ಲ. ಅದಕ್ಕೆ ಉತ್ತರವಾಗಿ 2012ರಲ್ಲಿ ವಿಂಡೋಸ್ 8, ಜೊತೆಗೆ ಲೆನೊವೊ ಯೋಗಾ ಬಂದವು. ಯೋಗಾದ್ದು ಸರಳ ಉಪಾಯ: 360 ಡಿಗ್ರಿ ಮಡಚಿಬಿಡಿ. ಗುಡಾರದಂತೆ ನಿಲ್ಲಿಸಿ ಸಿನಿಮಾ ನೋಡುವುದಕ್ಕೆ ಬಹಳ ಚೆನ್ನ. ಕೈಯಲ್ಲಿ ಹಿಡಿದರೆ ಒಂದೂವರೆ ಕಿಲೋ, ಅಡಿಯಲ್ಲಿ ಬೆರಳಿಗೆ ಕೀಗಳು ತಾಗುತ್ತಿರುತ್ತವೆ. 2014ರ ಯೋಗಾ 3 ಪ್ರೋದಲ್ಲಿ ಬಿಜಾಗರಿಯನ್ನು ತೆಳ್ಳಗೆ ಮಾಡಲು ಕೈಗಡಿಯಾರದ ಪಟ್ಟಿಯಂತೆ ಎಂಟುನೂರಕ್ಕೂ ಹೆಚ್ಚು ಲೋಹದ ತುಣುಕು ಜೋಡಿಸಿದರು. ಒಂದು ಬಿಜಾಗರಿಗೆ! ಇನ್ನು 2012ರಲ್ಲಿ ಇವನ್ನು ಟೋಸ್ಟರು-ಫ್ರಿಜ್ಜು ಒಂದು ಮಾಡಿದಂತೆ ಅಂತ ಗೇಲಿ ಮಾಡಿದ್ದ ಟಿಮ್ ಕುಕ್ಕರ ಆ್ಯಪಲ್ಲೇ 2020ರಲ್ಲಿ ಐಪ್ಯಾಡಿಗೆ ಕೀಬೋರ್ಡು, ಟ್ರ್ಯಾಕ್‌ಪ್ಯಾಡು ಸೇರಿಸಿ ಮಾರಿತು.

ಇಷ್ಟು ಓದಿದ ಮೇಲೆ ಆಫೀಸಿನ ಗೆಳೆಯನ ಕನ್ವರ್ಟಿಬಲ್ ಕಡ ತೆಗೆದುಕೊಂಡು ವೀಕೆಂಡಿಗೆ ಊರಿಗೆ ಹೋದೆ. ಊಟದ ಮೇಜಿನ ಮೇಲೆ ಮಲಗಿಸಿ ಕೊಟ್ಟಾಗ ಅಮ್ಮ ಒಂದು ಪುಟ ಲೀಲಾಜಾಲವಾಗಿ ಬರೆದಳು, ಪೆನ್ನಿನ ಬಗ್ಗೆ ದೂರೇ ಇಲ್ಲ. ಆದರೆ ಅವಳು ಬರೆಯುವುದು ಮೇಜಿನ ಮೇಲಲ್ಲ, ಜಗುಲಿಯಲ್ಲಿ ಕಾಲು ಮಡಚಿ, ತೊಡೆಯ ಮೇಲೆ. ಅಲ್ಲಿ ಹತ್ತೇ ನಿಮಿಷಕ್ಕೆ "ಭಾರ ಕಣೋ, ಬಿಸಿ ಬೇರೆ. ಅಡಿಗೆ ಈ ಗುಂಡಿಗಳನ್ನ ಯಾಕೆ ಕಟ್ಟಿದಾರೆ, ನಂಗೆ ಬೇಡ ಅಂದಿದ್ನಲ್ಲ?" ಅಂದಳು.

ದಿನಾ ಟೈಪೂ ಮಾಡಿ, ದಿನಾ ಚಿತ್ರವನ್ನೋ ಗಣಿತವನ್ನೋ ಕೈಯಲ್ಲಿ ಬರೆಯುವವರಿಗೆ ಈ ಯಂತ್ರ ಸಾರ್ಥಕ. ಪಾಠ ಮಾಡುವ ಮೇಷ್ಟ್ರುಗಳಿಗಂತೂ ಧಾರಾಳವಾಗಿ ಹೇಳುತ್ತೇನೆ. ಎರಡರಲ್ಲಿ ಒಂದು ವಾರಕ್ಕೊಮ್ಮೆಯ ಕೆಲಸವಾದರೆ ಬಿಜಾಗರಿಗೆ ದುಡ್ಡು ಕೊಟ್ಟಂತೆ. ಅಮ್ಮನಿಗೆ ಪೆನ್ನಿರುವ ಬರೀ ಟ್ಯಾಬ್ಲೆಟ್ ನೋಡಿದ್ದೇನೆ.

ಆದರೂ ಒಂದು ಅನುಮಾನ ಉಳಿದಿದೆ. 2002ರ ಆ ಯಂತ್ರಗಳಲ್ಲಿ ವಿಂಡೋಸ್ ಜರ್ನಲ್ ಅಂತ ಟಿಪ್ಪಣಿ ಬರೆಯುವ ತಂತ್ರಾಂಶವಿತ್ತು. ಜನ ವರ್ಷಗಟ್ಟಲೆ ಅದರಲ್ಲಿ ಕೈಯಾರೆ ಬರೆದರು. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ 10ರಿಂದ ತೆಗೆದುಹಾಕಿತು. ಅಮ್ಮನ ಲಾಂಗ್ ಬುಕ್ಕಿಗೆ ಆ ಭಯವಿಲ್ಲ. ಟ್ಯಾಬ್ಲೆಟ್ ಬರುವವರೆಗೆ ಇರಲಿ ಅಂತ ಎರಡೂ ಪುಸ್ತಕದ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ನಾನು ತೆಗೆಯುತ್ತಿರುವಾಗಲೇ ಅವಳು ಒಳಗಿನಿಂದ ಮೂರನೆಯದಕ್ಕೆ ರಟ್ಟು ಹಾಕಿಕೊಂಡು ಬಂದಳು.