ಕೆಳದಿಯ ಸೀಮೆಯ ಇಗರ್ಜಿಗಳೂ ಬೇಸಗೆಯ ಕಾಲವೂ

ತೀರ್ಥಹಳ್ಳಿ, ಹೊಸನಗರ, ಸಾಗರ ಎಂಬ ಮೂರು ತಾಲ್ಲೂಕುಗಳ ಸೀಮೆಯು ಕೆಳದಿಯ ಅರಸರ ಇತಿಹಾಸಕ್ಕೆ ತವರು. ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ರಾಜಧಾನಿಗಳೂ ಕವಲೇದುರ್ಗವೆಂಬ ಗಿರಿದುರ್ಗವೂ ಈ ಸೀಮೆಯೊಳಗೇ ಇವೆ. ಈ ಅರಸರು ವೀರಶೈವ ಮಠಗಳಿಗೂ ಶೃಂಗೇರಿಗೂ ಬಿಟ್ಟ ದತ್ತಿಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅದೇ ಅರಸರ ಆಶ್ರಯದಲ್ಲಿ ನೆಲೆಗೊಂಡ ಕ್ರೈಸ್ತ ಸಮಾಜದ ವಿಷಯವಾದರೋ, ಪೋರ್ಚುಗೀಸರೊಡನೆ ನಡೆದ ಕರಾರುಗಳು, 1784ರ ಸೆರೆ, ಈ ಎರಡರ ಮೂಲಕ ಮಾತ್ರ ಕನ್ನಡ ವಾಚಕರಿಗೆ ಪರಿಚಿತವಾಗಿದೆ. ಇವೆರಡರ ನಡುವೆ ಒಂದು ಜನಾಂಗವು ಉತ್ತು ಬಿತ್ತು, ಮದುವೆ ಮಾಡಿ, ಹಬ್ಬ ಆಚರಿಸಿ ಬದುಕಿತೆಂಬುದು ಮರೆತುಹೋಗುತ್ತದೆ. ಆ ಬಾಳಿನ ಕ್ರಮವನ್ನು ತಿಳಿಯುವುದಕ್ಕೆ ಇಗರ್ಜಿಯ ವರ್ಷದಲ್ಲಿ ಬೇಸಗೆಯ ಸ್ಥಾನವೇನೆಂಬುದನ್ನು ವಿಚಾರಿಸುವುದು ಒಳ್ಳೆಯ ದಾರಿ. ಏಕೆಂದರೆ ರೋಮಿನಲ್ಲಿ ಗೊತ್ತಾದ ಪಂಚಾಂಗವೊಂದು ಘಟ್ಟದ ಮಳೆಗೆ ಒಗ್ಗಿಕೊಂಡದ್ದು ಈ ಕಾಲದಲ್ಲಿಯೇ.

ಮೊದಲು ಅರಸರ ವಿಷಯ. ಗೋವೆಯಿಂದ ತೆಂಕಣಕ್ಕೆ ಹದಿನಾರನೆಯ ಶತಮಾನದಿಂದಲೂ ವಲಸೆ ಬಂದ ಕೊಂಕಣಿ ಕ್ರೈಸ್ತರು ಬೇಸಾಯದಲ್ಲಿ ನುರಿತವರಾಗಿದ್ದುದರಿಂದ ಕೆಳದಿಯ ಅರಸರು ಅವರನ್ನು ಆದರಿಸಿ ನೆಲ ಕೊಟ್ಟರು. ಶಿವಪ್ಪನಾಯಕನು 1652ರಿಂದ 1654ರೊಳಗೆ ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡಾಗಲೂ ಈ ಒಕ್ಕಲುಗಳನ್ನು ಕಿತ್ತೊಗೆಯಲಿಲ್ಲವೆಂಬುದು ಗಮನಾರ್ಹ. ಪರಂಗಿಯವನ ಕೋಟೆ ಬೇರೆ, ಪರಂಗಿಯವನ ಧರ್ಮವನ್ನು ಹಿಡಿದ ಒಕ್ಕಲಿಗ ಬೇರೆ ಎಂಬ ವಿವೇಕ ಈ ಮನೆತನಕ್ಕೆ ಇದ್ದಿತು. ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಮೆಣಸು, ಅಕ್ಕಿಗಳ ವ್ಯಾಪಾರವನ್ನು ಕುರಿತು ಆಕೆಯ ಸರ್ಕಾರವು ಪೋರ್ಚುಗೀಸರೊಡನೆ ಮಾಡಿಕೊಂಡ ಕರಾರಿನ ಜೊತೆಯಲ್ಲಿ ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅಪ್ಪಣೆಯಾಯಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಸ್ಥಾಪನೆ 1678ರದು. ಮಂಗಳೂರಿನ ಅದೇ ಹೆಸರಿನ ಇಗರ್ಜಿಯನ್ನು 1680ರಲ್ಲಿ ಬಿಷಪ್ ತೋಮಸ್ ದ ಕಾಸ್ತ್ರೊ ಕಟ್ಟಿಸಿದನು. ಅದರ ನೆಲ ಚೆನ್ನಮ್ಮಾಜಿಯ ಕೊಡುಗೆ. ಕಡಲ ತಡಿಯ ಈ ಇಗರ್ಜಿಗಳ ಸನ್ನದು ಹೊರಟದ್ದು ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ, ಎಂದರೆ ಅಂದಿನ ಬಿದನೂರಿನಿಂದ. ಕರಾವಳಿಯ ಇಗರ್ಜಿಗಳ ಚರಿತ್ರೆಯನ್ನು ಬರೆಯುವವರು ಘಟ್ಟದ ಮೇಲಿನ ಈ ಊರನ್ನು ಬಿಟ್ಟು ಬರೆಯುವುದು ಬೇರನ್ನು ಬಿಟ್ಟು ಕೊಂಬೆಯನ್ನು ವರ್ಣಿಸಿದಂತೆ.

ಅಕ್ಕಿ, ಮೆಣಸುಗಳು ಹಡಗು ಹತ್ತುವುದು ಮಳೆ ನಿಂತ ಮೇಲೆ. ಜೂನ್ ತಿಂಗಳಿನಿಂದ ಕಡಲು ಮುಚ್ಚಿಹೋಗುತ್ತದೆ. ಘಟ್ಟದ ದಾರಿಗಳಲ್ಲಿ ಹೇರೆತ್ತುಗಳು ಏರಲಾರವು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವುದೆಂಬುದನ್ನು ನೆನೆದರೆ ಈ ಮಾತಿನ ಭಾರ ತಿಳಿಯುತ್ತದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಯ ದಾರಿಯಾಗಿ ಇಕ್ಕೇರಿಗೆ ವೆಂಕಟಪ್ಪನಾಯಕನ ಬಳಿಗೆ ಬಂದದ್ದು 1623ರ ಅಕ್ಟೋಬರ್-ನವೆಂಬರುಗಳಲ್ಲಿ, ಮಳೆ ಹಿಂದೆಗೆದ ಕೂಡಲೇ. ವ್ಯಾಪಾರಿ, ರಾಯಭಾರಿ, ಪಾದ್ರಿ ಈ ಮೂವರ ಸಂಚಾರಕ್ಕೂ ದಾರಿ ತೆರೆದಿರುವ ತಿಂಗಳುಗಳು ಒಂದೇ. ಹಾಗೆ ತೆರೆದ ದಾರಿಯ ಕೊನೆಯ ಭಾಗವೇ ಬೇಸಗೆ. ಆದುದರಿಂದ ಬಿಡಿಬಿಡಿಯಾಗಿ ಒಕ್ಕಲಿದ್ದ ಕ್ರೈಸ್ತರಿಗೆ ಇಗರ್ಜಿಯೆಂಬುದು ಕಟ್ಟಡಕ್ಕಿಂತ ಹೆಚ್ಚಾಗಿ ಒಂದು ಋತುವಾಗಿದ್ದಿತೆಂದರೆ ತಪ್ಪಾಗದು.

ಈ ಋತುವಿಗೆ ಇಗರ್ಜಿಯ ಪಂಚಾಂಗವು ಹೊಂದಿಕೊಂಡ ಬಗೆ ಸ್ವಾರಸ್ಯವಾದುದು. ಪಾಸ್ಖ ಹಬ್ಬವು ಚಾಂದ್ರಮಾನವನ್ನು ಅನುಸರಿಸಿ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬರುತ್ತದೆ. ಅದಕ್ಕೆ 46 ದಿನ ಮುಂಚೆ ಬೂದಿ ಬುಧವಾರ, ಅಂದಿನಿಂದ ತಪಸ್ಸುಕಾಲ. ಮಲೆನಾಡಿನಲ್ಲಿ ಆ ಹೊತ್ತಿಗೆ ಅಡಕೆಯ ಕೊಯ್ಲೂ ಗದ್ದೆಯ ಒಕ್ಕಣೆಯೂ ಮುಗಿದು, ಕಣಜ ತುಂಬಿ, ದುಡಿಮೆ ಸಡಿಲಾಗಿರುತ್ತದೆ. ಉಣ್ಣಲು ಇರುವಾಗಲೇ ಉಪವಾಸ ಬರುವುದರಿಂದ ಅದು ನಿಜವಾದ ವ್ರತವಾಗುತ್ತದೆಂದೂ, ಮಳೆಗಾಲದ ನಡುವೆ ಬಂದಿದ್ದರೆ ಬಡವನಿಗೆ ಹಸಿವೂ ವ್ರತವೂ ಒಂದೇ ಆಗುತ್ತಿದ್ದುವೆಂದೂ ಹೇಳಬಹುದು. ಪಾಸ್ಖವು ಹುಣ್ಣಿಮೆಯ ಬೆನ್ನಿಗೆ ಬರುವ ಭಾನುವಾರವಾದುದರಿಂದ ಅದರ ಹಿಂದಿನ ಗುರುವಾರ, ಶುಕ್ರವಾರಗಳ ಇರುಳು ಸಾಮಾನ್ಯವಾಗಿ ಬೆಳುದಿಂಗಳಿನದು. ದೀವಟಿಗೆಯ ಖರ್ಚಿಲ್ಲದೆ ದೂರದ ಮನೆಗಳವರು ಕಾಡುದಾರಿಯಲ್ಲಿ ನಡೆದು ಬಂದು ಜಾಗರಣೆ ಮಾಡಿ ಹಿಂದಿರುಗಬಹುದು. ಫಾಲ್ಗುಣ, ಚೈತ್ರಗಳ ಹುಣ್ಣಿಮೆಗೆ ರಥೋತ್ಸವಗಳನ್ನು ಇಟ್ಟುಕೊಂಡ ನೆರೆಯ ದೇವಸ್ಥಾನಗಳವರಿಗೂ ಇದೇ ಅನುಕೂಲ ಕಂಡಿದ್ದಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸಲು ಹೊರಡಬೇಕಾಗಿಲ್ಲ. ಚಂದ್ರನು ಇಬ್ಬರಿಗೂ ಒಬ್ಬನೇ.

ಮದುವೆಯ ವಿಷಯದಲ್ಲಿ ಬೇಸಗೆಯ ಒತ್ತಡ ಇನ್ನೂ ಹೆಚ್ಚು. 1563ರಲ್ಲಿ ಮುಗಿದ ಟ್ರೆಂಟಿನ ಮಹಾಸಭೆಯು ತಪಸ್ಸುಕಾಲದಲ್ಲಿಯೂ ಪಾಸ್ಖದ ಮುಂದಿನ ಎಂಟು ದಿನಗಳಲ್ಲಿಯೂ ವಿಜೃಂಭಣೆಯ ವಿವಾಹಗಳನ್ನು ನಿಷೇಧಿಸಿದ್ದಿತು. ಅದು ಕಳೆದ ಮೇಲೆ ಮಳೆ ಹಿಡಿಯುವ ಮುನ್ನ ಉಳಿಯುವುದು, ಪಾಸ್ಖ ಬೇಗ ಬಂದರೆ ಒಂಬತ್ತು ವಾರ, ತಡವಾದರೆ ಐದು. ಸೀಮೆಯ ಚಪ್ಪರಗಳೆಲ್ಲ ಈ ಕಿರಿದಾದ ಅವಧಿಯಲ್ಲಿಯೇ ಏಳಬೇಕು. ವಧೂವರರಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ರೋಸ್ ಎಂಬ ಆಚಾರವೂ ಊಟಗಳೂ ಇದರೊಳಗೇ ಮುಗಿಯಬೇಕು. ವೈಶಾಖ, ಜ್ಯೇಷ್ಠಗಳ ಮುಹೂರ್ತಕ್ಕೆ ಕಾದಿರುತ್ತಿದ್ದ ಹಿಂದೂ ಮನೆಗಳವರಿಗೂ ಇದೇ ಅವಸರವಿದ್ದುದರಿಂದ ವಾದ್ಯದವರಿಗೂ ಅಡಿಗೆಯ ಪಾತ್ರೆಗಳಿಗೂ ಎರಡು ಕಡೆಯಿಂದಲೂ ಕರೆ ಬರುತ್ತಿದ್ದಿರಬೇಕು.

ಬೇಸಗೆಯ ಇನ್ನೊಂದು ಕೆಲಸ ಮಾಡು ಹೊದಿಸುವುದು. ಮಲೆನಾಡಿನ ಮನೆಯವನು ಮೇ ತಿಂಗಳು ಮುಗಿಯುವುದರೊಳಗೆ ಕಟ್ಟಿಗೆ ಒಟ್ಟಬೇಕು, ದರಗು ಗುಡಿಸಿ ಕೊಟ್ಟಿಗೆಗೆ ತುಂಬಬೇಕು, ಸೋಗೆಯನ್ನೋ ಹುಲ್ಲನ್ನೋ ಹೊದಿಸಬೇಕು. ಹೆಂಗಸರು ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ, ಹಪ್ಪಳ ಸಂಡಿಗೆಗಳನ್ನು ಒಣಗಿಸಿಡಬೇಕು. ಹುಲ್ಲು ಮಾಡಿನ ಇಗರ್ಜಿಯೂ ಇದಕ್ಕೆ ಹೊರತಲ್ಲ. ಕರಾವಳಿಯ ಇಗರ್ಜಿಯ ಒಕ್ಕಲುಗಳು ವಾಡೊ ಎಂಬ ಕೇರಿಗಳಾಗಿ ಹಂಚಿದ್ದು, ಒಂದೊಂದಕ್ಕೆ ಗುರ್ಕಾರನೆಂಬ ಹಿರಿಯನಿರುತ್ತಿದ್ದನು. ಪಾದ್ರಿಗೂ ಜನಕ್ಕೂ ನಡುವೆ ನಿಂತು ಜಗಳ ಬಗೆಹರಿಸುವವನೂ, ಹಬ್ಬಕ್ಕೂ ಕೆಲಸಕ್ಕೂ ಆಳು ಕೂಡಿಸುವವನೂ ಅವನೇ. ಇಂತಹ ಗೃಹಸ್ಥ ಮುಖಂಡರ ಬಲದಿಂದಲೇ ಪಾದ್ರಿಯಿಲ್ಲದ ಕಾಲದಲ್ಲಿಯೂ ಸಮಾಜವು ಚೆದರದೆ ನಿಂತಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚು ಕ್ರಮವಾಗಿ ಎಲ್ಲ ಕಡೆಯೂ ಹರಡಿ, ವರ್ಷವರ್ಷದ ಹೊದಿಕೆಯ ಕೆಲಸ ತಪ್ಪಿತು. ಪ್ರೊಟೆಸ್ಟಂಟರ ಭಟ್ಟಿಯಲ್ಲಿ ಸುಟ್ಟ ಹೆಂಚು ಕಥೋಲಿಕರ ಪೀಠವನ್ನು ಮಳೆಯಿಂದ ಕಾಪಾಡಿದುದು ಈ ಚರಿತ್ರೆಯ ವಿನೋದಗಳಲ್ಲೊಂದು.

ಬೇಸಗೆಯ ಭಕ್ತಿಯೆಂದು ಇಂದು ಪರಿಚಿತವಾದುದೆಲ್ಲವೂ ಕೆಳದಿಯ ಕಾಲದ್ದೆಂದು ಭಾವಿಸಬಾರದು. ಮೇ ತಿಂಗಳನ್ನು ಮಾತೆ ಮರಿಯಳಿಗೆ ಮೀಸಲಿಡುವ ಪದ್ಧತಿಯು ಹದಿನೆಂಟನೆಯ ಶತಮಾನದ ಇಟಲಿಯಲ್ಲಿ ಬೆಳೆದು, 1815ರಲ್ಲಿ ಏಳನೆಯ ಪಿಯುಸ್ ಪೋಪರ ಮನ್ನಣೆ ಪಡೆದ ಮೇಲೆ ಲೋಕಕ್ಕೆ ಹರಡಿತು. ಶಿಲುಬೆಯ ಹಾದಿಗೆ ಹದಿನಾಲ್ಕು ನಿಲ್ದಾಣಗಳೆಂಬ ನಿಯಮವೂ 1731ರದು. ಚೆನ್ನಮ್ಮಾಜಿಯ ಕಾಲದ ಒಕ್ಕಲಿಗನಿಗೆ ಇವೆರಡೂ ತಿಳಿದಿರಲಾರವು. 1681ರಿಂದ ಸುಮಾರು ಮೂರು ವರ್ಷ ಕನ್ನಡ ಕರಾವಳಿಯಲ್ಲಿ ಸಂಚರಿಸಿದ ಜೋಸೆಫ್ ವಾಸ್ ಪಾದ್ರಿಯು ಗೋವೆಯ ಅಧಿಕಾರಕ್ಕೂ ರೋಮಿನಿಂದ ನೇಮಕವಾಗಿದ್ದ ಬಿಷಪ್ ಕಾಸ್ತ್ರೊವಿಗೂ ನಡೆದ ವ್ಯಾಜ್ಯದ ನಡುವೆ ಸಿಕ್ಕಿಕೊಂಡನು. ಯಾರ ಪಾದ್ರಿಯ ಪೂಜೆ ಸಿಂಧು ಎಂಬ ಈ ವ್ಯಾಜ್ಯವು ಆ ಜನರನ್ನು ಬಾಧಿಸಿದಷ್ಟು ಬಿದನೂರಿನ ಸರ್ಕಾರವು ಬಾಧಿಸಲಿಲ್ಲ.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಎರಡನೆಯ ಮೈಸೂರು ಯುದ್ಧದಲ್ಲಿ, 1783ರ ಜನವರಿಯಲ್ಲಿ, ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸನು ಹೊಸಂಗಡಿಯ ಘಟ್ಟವನ್ನೇರಿ ನಗರವನ್ನು ವಶಪಡಿಸಿಕೊಂಡನು. ಏಪ್ರಿಲ್ ಕೊನೆಯಲ್ಲಿ ಟಿಪ್ಪುವಿಗೆ ಒಪ್ಪಿಸಿ ಸೆರೆಯಾದನು. ಈ ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯವೇ 1784ರ ಸೆರೆಗೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗಿದೆ. ಸೆರೆಯಾದವರ ಸಂಖ್ಯೆಯನ್ನು ಬೇರೆ ಬೇರೆ ಲೇಖಕರು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಕೊಡುತ್ತಾರೆ. 27 ಇಗರ್ಜಿಗಳು ಕೆಡವಲ್ಪಟ್ಟುವೆಂಬ ಲೆಕ್ಕವೂ ಪ್ರಸಿದ್ಧವಾಗಿದೆ.

ಇಲ್ಲಿ ದಿನದ ವಿಷಯ ಸ್ವಲ್ಪ ವಿಚಾರಣೀಯ. ಸೆರೆಯ ದಿನವು 1784ರ ಫೆಬ್ರವರಿ 24, ಅದು ಬೂದಿ ಬುಧವಾರ ಎಂದು ಗ್ರಂಥಗಳಲ್ಲಿ ಬರುತ್ತದೆ. ಆದರೆ ಆ ವರ್ಷದ ಪಾಸ್ಖವನ್ನು ಗಣಿಸಿದರೆ ಅದು ಏಪ್ರಿಲ್ 11ಕ್ಕೆ ಬೀಳುತ್ತದೆ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರವು ಫೆಬ್ರವರಿ 25. ಇಪ್ಪತ್ತನಾಲ್ಕು ಮಂಗಳವಾರ. ತಾರೀಖು ತಪ್ಪೋ ವಾರ ತಪ್ಪೋ ಎಂದು ಕೇಳಿದರೆ ವಾರದ ನೆನಪನ್ನೇ ನಂಬುವುದು ಯುಕ್ತ. ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಇಗರ್ಜಿಗೆ ನೆರೆದಾಗ ಸೆರೆ ಬಂದಿತೆಂಬುದನ್ನು ಜನರು ಮರೆಯುವಂತಿಲ್ಲ. ತಾರೀಖಾದರೋ ಬರೆಯುವವನ ಕೈಯಲ್ಲಿ ಒಂದು ದಿನ ಜಾರಬಹುದು. ಊರೂರಿನ ಜನ ಒಂದೇ ಬೆಳಗ್ಗೆ ಒಂದೇ ಸ್ಥಳದಲ್ಲಿ ಸೇರುವ ದಿನವನ್ನು ಆರಿಸಿದುದು ಇಗರ್ಜಿಯ ಪಂಚಾಂಗವನ್ನು ಬಲ್ಲವರ ಕೆಲಸ. ಘಟ್ಟವನ್ನೇರಿ ಶ್ರೀರಂಗಪಟ್ಟಣವನ್ನು ಸೇರಲು ಸುಮಾರು ಆರು ವಾರ ಹಿಡಿಯಿತೆಂಬ ಹೇಳಿಕೆಯನ್ನು ಒಪ್ಪಿದರೆ ಆ ನಡಿಗೆ ಮುಗಿದದ್ದು ಏಪ್ರಿಲ್ ಮೊದಲ ವಾರದ ಸುಮಾರಿಗೆ, ಪಾಸ್ಖಕ್ಕೆ ಕೆಲವೇ ದಿನ ಮುಂಚೆ. ತಪಸ್ಸುಕಾಲವೆಲ್ಲ ದಾರಿಯಲ್ಲಿಯೇ ಕಳೆಯಿತು. ಆ ಬೇಸಗೆಯಲ್ಲಿ ಕೆಳಗಣ ಸೀಮೆಯಲ್ಲಿ ಮದುವೆಯ ಚಪ್ಪರವೇಳಲಿಲ್ಲ.

ಹಿಂದಿರುಗಿದುದೂ ಬೇಸಗೆಯಲ್ಲಿಯೇ ಮೊದಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮುಂಗಾರಿಗೆ ಒಂದು ತಿಂಗಳು ಮಾತ್ರ ಉಳಿದಿದ್ದುದರಿಂದ, ಘಟ್ಟವನ್ನು ಆ ವರ್ಷವೇ ಇಳಿಯಬೇಕೆಂದವರು ತಡಮಾಡುವಂತಿರಲಿಲ್ಲ. ಉಳಿದವರು ಮಳೆ ಕಳೆಯುವವರೆಗೆ ಕಾಯಬೇಕಾಯಿತು. ಮೇಲುನಾಡಿನಲ್ಲಿಯೇ ಉಳಿದವರನ್ನು ಒಟ್ಟುಗೂಡಿಸುವ ಕೆಲಸಕ್ಕೆ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ ಕೈಹಾಕಿದನು. ಹಾಸನದ ಬಳಿಯ ಸತ್ತಿಹಳ್ಳಿಯ ಬೇಸಾಯದ ಕೇರಿ ಅವನ ಪ್ರಯತ್ನದ ಫಲ. 1801ರ ಮಾರ್ಚಿಯಲ್ಲಿ ಬುಕಾನನನು ಇಕ್ಕೇರಿ, ಆನಂದಪುರ, ನಗರಗಳ ದಾರಿಯಲ್ಲಿ ಬಂದನು. ಅದಕ್ಕೆ ಮುಂಚೆ ಕರಾವಳಿಯಲ್ಲಿ ಕಂಡ ಕ್ರೈಸ್ತರ ದುಡಿಮೆಯನ್ನು ಅವನು ಮೆಚ್ಚಿ ಬರೆದಿದ್ದಾನೆ.

ಘಟ್ಟದ ಮೇಲಿನ ಸೀಮೆಯಲ್ಲಿ ಇಂದು ಕಾಣುವ ಕ್ರೈಸ್ತ ಒಕ್ಕಲುಗಳಲ್ಲಿ ಬಹುಭಾಗ ಆ ಮೇಲಣ ಕಾಲದವು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿಯ ರಸ್ತೆಗಳೂ ಕಾಫಿ ತೋಟಗಳೂ ಬಂದಂತೆ ಕೊಂಕಣಿಯವರು ಮತ್ತೆ ಮೇಲೇರಿದರು. ಬೇಸಗೆಯ ಕಾರ್ಯಕ್ರಮಕ್ಕೆ ಹೊಸ ರೂಪ ಕೊಟ್ಟದ್ದು ಎರಡು ಸಂಗತಿಗಳು. ಸರ್ಕಾರದ ಶಾಲೆಗಳಿಂದಾಗಿ ಏಪ್ರಿಲ್, ಮೇ ತಿಂಗಳುಗಳು ಮಕ್ಕಳಿಗೆ ರಜವಾದುವು. 1910ರಲ್ಲಿ ಹತ್ತನೆಯ ಪಿಯುಸ್ ಪೋಪರು ಪ್ರಥಮ ಪ್ರಸಾದದ ವಯಸ್ಸನ್ನು ಏಳು ವರ್ಷದ ಸುಮಾರಿಗೆ ಇಳಿಸಿದರು. ಹೀಗೆ ಎಳೆಯ ಮಕ್ಕಳನ್ನು ರಜದಲ್ಲಿ ಇಗರ್ಜಿಗೆ ಕೂಡಿಸಿ ಧರ್ಮೋಪದೇಶ, ಹಾಡು, ಆಟಗಳಲ್ಲಿ ತೊಡಗಿಸುವ ಬೇಸಗೆಯ ಶಿಬಿರಗಳಿಗೆ ದಾರಿಯಾಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯ ತರುವಾಯ ಲ್ಯಾಟಿನಿನ ಸ್ಥಾನಕ್ಕೆ ದೇಶಭಾಷೆ ಬಂದಿತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಲೆನಾಡಿನ ಮಗುವಿಗೆ ಜಪವನ್ನು ಯಾವ ನುಡಿಯಲ್ಲಿ ಕಲಿಸಬೇಕೆಂಬ ಪ್ರಶ್ನೆಯೂ ಅದರೊಡನೆ ಎದ್ದಿತು. 1988ರಲ್ಲಿ ಶಿವಮೊಗ್ಗೆಯು ಪ್ರತ್ಯೇಕ ಧರ್ಮಪ್ರಾಂತವಾಗಿ, ತೀರ್ಥಹಳ್ಳಿ, ಹೊಸನಗರ, ಸಾಗರಗಳು ಅದರ ಆಡಳಿತಕ್ಕೆ ಸೇರಿದುವು. ಬಿದನೂರಿನ ಸನ್ನದು ಘಟ್ಟವಿಳಿದು ಹೋಗಿ ಆಗ ಮುನ್ನೂರಹತ್ತು ವರ್ಷಗಳಾಗಿದ್ದುವು.